ಗಂಟೆ ಹೊಡೆದು ಶುರುವಾಗುವ ಸಭೆ

ಬಿಡದಿ ಎಂದರೆ ಹೊರಗಿನವರಿಗೆ ತಟ್ಟೆ ಇಡ್ಲಿ, ಇಲ್ಲವೇ ಟೊಯೋಟಾ ಕಾರ್ಖಾನೆ. ಹೋಟೆಲಿನವರೂ ಕಾರ್ಖಾನೆಯವರೂ ಇರುವ ಇಂಥ ಊರಿಗೆ ರೋಟರಿ ಕ್ಲಬ್ಬಿನ ಸಭೆ ಚೆನ್ನಾಗಿ ಒಗ್ಗುತ್ತದೆ. ಬೇರೆ ಬೇರೆ ಕಸುಬಿನವರನ್ನು ಒಂದೆಡೆ ಕೂರಿಸುವುದೇ ಅದರ ಮೂಲ ಲೆಕ್ಕಾಚಾರ. 1905ರಲ್ಲಿ ಷಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮೊದಲ ಸಭೆಗೆ ಕರೆದದ್ದು ಒಬ್ಬ ದರ್ಜಿಯನ್ನು, ಒಬ್ಬ ಗಣಿ ಎಂಜಿನಿಯರನ್ನು, ಒಬ್ಬ ಕಲ್ಲಿದ್ದಲು ವ್ಯಾಪಾರಿಯನ್ನು.

ಅಧ್ಯಕ್ಷರು ಗಂಟೆ ಹೊಡೆದರೆ ಸಭೆ ಶುರು. ಹುಟ್ಟುಹಬ್ಬದ ಶುಭಾಶಯ, ಅತಿಥಿಯ ಮಾತು, ಕೆಲವು ಕ್ಲಬ್ಬುಗಳಲ್ಲಿ ತಡವಾಗಿ ಬಂದವರಿಗೆ ತಮಾಷೆಯ ದಂಡ. ಹೊರಗಿನವರಿಗೆ ಇದು ಕೊಂಚ ನಾಟಕದಂತೆ ಕಂಡೀತು, ನಿಜ. ಆದರೆ ವಾರವಾರ ಮುಖ ನೋಡಿದವರಿಗೆ ರಕ್ತದಾನ ಶಿಬಿರಕ್ಕೆ ಯಾರು ಶಾಮಿಯಾನ ತರಬೇಕು, ಯಾರು ಡಾಕ್ಟರರನ್ನು ಒಪ್ಪಿಸಬೇಕು ಎಂಬುದು ಎರಡೇ ಫೋನಿನಲ್ಲಿ ತೀರ್ಮಾನವಾಗುತ್ತದೆ. 2016ರಲ್ಲಿ ವಾರಕ್ಕೊಂದು ಸಭೆ ಎಂಬ ನಿಯಮ ಸಡಿಲವಾಗಿ ತಿಂಗಳಿಗೆ ಎರಡು ಸಭೆ ಸಾಕೆಂದಾಯಿತು. ವಾರದ ಪಟ್ಟು ಬಿಡದ ಕ್ಲಬ್ಬುಗಳೇ ನಮಗೆ ಹೆಚ್ಚು ಇಷ್ಟ.

ಇಂಥ ಒಗ್ಗಟ್ಟು ಯಾವ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಪೋಲಿಯೊ ನಿರ್ಮೂಲನೆಯನ್ನು ನೋಡಿ.

1985ರಲ್ಲಿ ರೋಟರಿ ಕೈಗೆತ್ತಿಕೊಂಡ ಈ ಕೆಲಸದಲ್ಲಿ ಸರ್ಕಾರ, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರದೇ ದೊಡ್ಡ ಪಾಲು. ಭಾನುವಾರದ ಲಸಿಕೆ ಬೂತಿನಲ್ಲಿ ಬ್ಯಾನರ್ ಕಟ್ಟಿ, ತಾಯಂದಿರನ್ನು ಕರೆತರಲು ರೋಟರಿಯವರೂ ನಿಂತರು. ದೇಶದ ಕೊನೆಯ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಪೋಲಿಯೊಮುಕ್ತ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್ 27ಕ್ಕೆ. ಆಮೇಲೂ ಬೂತುಗಳು ಎದ್ದುಹೋಗಲಿಲ್ಲ: ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಸ್ ಇನ್ನೂ ಹರಡುತ್ತಲೇ ಇತ್ತು.