ತಗಡಿನ ತುಂಡೋ, ಇಳಿಜಾರು ರೈಲೋ

ಸಾವಿರ ಗಜದಾಚೆಯ ಗುರಿಹಲಗೆಗೆ .308 ವಿಂಚೆಸ್ಟರ್ ಹೂಡಿದವರು ಗಾಳಿಯನ್ನು ಬೈಯುವ ಮೊದಲು ಸ್ಕೋಪಿನ ತಿರುಪನ್ನು ಬೈಯುತ್ತಾರೆ. ನೂರು ಗಜಕ್ಕೆ ಹೊಂದಿಸಿದ ರೈಫಲ್ ಅಲ್ಲಿಗೆ ಮುಟ್ಟಲು 35ರಿಂದ 40 ಎಂಓಎ ಏರಿಕೆ ಬೇಕು. ಎಂಓಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಸಾವಿರ ಗಜದಲ್ಲಿ ಅದು ಹತ್ತೂವರೆ ಅಂಗುಲ. ಒಟ್ಟು 60 ಎಂಓಎ ಓಡಾಟದ ಸ್ಕೋಪನ್ನು ಸಪಾಟು ಬೇಸಿನ ಮೇಲೆ ಕೂರಿಸಿದರೆ ಮೇಲಕ್ಕೆ ಸಿಗುವುದು 30 ಮಾತ್ರ. ಕೆಳಗಿನ 30 ಯಾರಿಗೂ ಬೇಡದ ಆಸ್ತಿ.

ಅಗ್ಗದ ಉಪಾಯ, ಸ್ಕೋಪನ್ನು ಹಿಡಿಯುವ ಹಿಂದಿನ ರಿಂಗಿನಡಿ ತಗಡು ತುರುಕುವುದು. ಖಾಲಿ ಬಿಯರ್ ಡಬ್ಬಿ ಕತ್ತರಿಸುವವರೂ ಇದ್ದಾರೆ. ಲೆಕ್ಕವೇನೋ ಸರಿ: ರಿಂಗುಗಳ ನಡುವೆ 100 ಮಿ.ಮೀ. ಇದ್ದರೆ 0.1 ಮಿ.ಮೀ. ತಗಡಿಗೆ ಸುಮಾರು ಮೂರೂವರೆ ಎಂಓಎ. ಆದರೆ ನೇರ ರಿಂಗುಗಳಲ್ಲಿ ಒಂದನ್ನಷ್ಟೇ ಎತ್ತಿದರೆ ಸ್ಕೋಪಿನ ಕೊಳವೆ ಬಾಗದೆ ಇನ್ನೇನು ಮಾಡೀತು? 20 ಎಂಓಎ ಬೇಕೆಂದರೆ ಅರ್ಧ ಮಿಲಿಮೀಟರಿಗೂ ಮಿಕ್ಕಿ ತುರುಕಬೇಕು. ಕುಂಟು ಮೇಜಿನ ಕಾಲಿಗೆ ಕಾಗದ ಮಡಚಿಟ್ಟ ಹಾಗೆ. ಊಟಕ್ಕೆ ಸಾಕು, ಅಳತೆಯ ಕೆಲಸಕ್ಕಲ್ಲ. ಬರ್ರಿಸ್ ಕಂಪನಿಯ ಸಿಗ್ನೇಚರ್ ರಿಂಗುಗಳು ಇದೇ ಉಪಾಯವನ್ನು ಮಾನವಾಗಿ ಮಾಡುತ್ತವೆ: ಒಳಗೆ ಗೋಳಾಕಾರದ ಪ್ಲಾಸ್ಟಿಕ್ ಬಳೆ, ಅದು ಕೊಳವೆಯ ಓರೆಗೆ ತಾನೇ ಹೊರಳಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರು ಅದನ್ನು ಬಳಸಿ ನೋಡಲಿ.

ಆದರೂ ನನ್ನ ಓಟು 20 ಎಂಓಎ ಇಳಿಜಾರು ರೈಲಿಗೆ. ಹಿಂಬದಿ ಎತ್ತರ, ಮುಂಬದಿ ತಗ್ಗು, ಓರೆ ಡಿಗ್ರಿಯ ಮೂರನೇ ಒಂದು ಪಾಲಷ್ಟೇ. ಅದೇ ಸ್ಕೋಪಿಗೆ ಈಗ ಮೇಲಕ್ಕೆ 50, ಕೆಳಕ್ಕೆ 10. ಇನ್ನೊಂದು ಲಾಭವನ್ನು ಕ್ಯಾಟಲಾಗುಗಳು ಅಷ್ಟಾಗಿ ಹೇಳುವುದಿಲ್ಲ. ಸ್ಕೋಪಿನ ಕೊಳವೆ ದುಂಡು. ಒಳನಳಿಕೆ ಏರಿಕೆಯ ತುದಿಗೆ ತಾಗಿದಾಗ ಎಡಬಲದ ಓಡಾಟವೂ ಕುಗ್ಗುತ್ತದೆ. ಗಾಳಿಗೆಂದು ತಿರುಗಿಸಬೇಕಾದ ಹೊತ್ತಿಗೇ ತಿರುಪು ಕೈಕೊಡುತ್ತದೆ. ಇಳಿಜಾರು ಆ ನಳಿಕೆಯನ್ನು ನಡುವಿನ ಹತ್ತಿರವೇ ಉಳಿಸುತ್ತದೆ. ಹಾಗೆಂದು 20 ಒಳ್ಳೆಯದಾದರೆ 40 ಇನ್ನೂ ಒಳ್ಳೆಯದು ಎಂದು ಹೊರಡಬೇಡಿ. ಈ ಸ್ಕೋಪಿನಲ್ಲಿ ಆಗ ನೂರು ಗಜದ ಗುರಿಯೇ ಕೂರುವುದಿಲ್ಲ.

ರಿಂಗುಗಳ ಒಳಮೈಯನ್ನು ಪುಡಿ ಹಚ್ಚಿ ಉಜ್ಜುವ ಪದ್ಧತಿ ಅತಿಯಾಯಿತು. ಕೆಟ್ಟ ರಿಂಗಿಗೆ ಅದು ಮದ್ದು, ಒಳ್ಳೆಯ ರಿಂಗಿಗೆ ಗಾಯ.

ಗಮನ ಸಲ್ಲಬೇಕಾದದ್ದು ಸ್ಕೋಪಿನೊಳಗಿನ ಕೂದಲಗೆರೆ ನೆಟ್ಟಗಿದೆಯೇ ಎನ್ನುವುದಕ್ಕೆ. ರಿಂಗಿನ ಮುಚ್ಚಳದ ತಿರುಪುಗಳನ್ನು ಒಂದೇ ಬದಿಯಿಂದ ಬಿಗಿದರೆ ಕೊಳವೆ ಸದ್ದಿಲ್ಲದೆ ತಿರುಗುತ್ತದೆ. ಒಂದೇ ಡಿಗ್ರಿ ವಾಲಿದರೂ ಸಾವಿರ ಗಜದಲ್ಲಿ ಗುಂಡು ಸುಮಾರು ಆರೇಳು ಅಂಗುಲ ಪಕ್ಕಕ್ಕೆ. ಎಫ್-ಕ್ಲಾಸ್ ಪಂದ್ಯದ ಹಲಗೆಯ ಹತ್ತರ ವೃತ್ತದ ಅಡ್ಡಗಲವೇ ಹತ್ತು ಅಂಗುಲ. ಒಂದೇ ದೂರಕ್ಕೆ ಹೊಡೆಯುವವರು ಅಡ್ಡ ತಿರುಪಿನಿಂದ ಇದನ್ನು ಮುಚ್ಚಿಕೊಳ್ಳಬಹುದು. 800, 900, 1000 ಗಜ ಎಂದು ಹಿಂದೆ ಸರಿಯುತ್ತಾ ಹೋಗುವ ಪಂದ್ಯದಲ್ಲಿ ಪ್ರತಿ ದೂರಕ್ಕೂ ತಪ್ಪು ಬೇರೆಯಾಗಿ ಹೊರಬೀಳುತ್ತದೆ, ಗುರಿಗಾರ ಮಾತ್ರ ಗಾಳಿಯನ್ನೇ ಬೈಯುತ್ತಿರುತ್ತಾನೆ.