ದಾರಿ ತಪ್ಪಿದವರ ತಾಳ್ಮೆ: ‘ಬೆಟ್ಟದ ಜೀವ’ದ ಓದು

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಬೇರೇನೂ ಹೇಳಲು ತೋಚದಿದ್ದಾಗ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ, ಓದು ಮುಗಿಸಿ ಮೂರು ವರ್ಷವಾದರೂ ಕೆಲಸ ಸಿಗದ ಹುಡುಗಿಗೆ ಅದನ್ನು ಹೇಳಿ ಎದ್ದು ಬರುತ್ತೇವೆ. ತಾಳಿಕೊಂಡಿರುವಾಗ ಮಾಡುವುದೇನು ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡ ಕಾದಂಬರಿ ಎಂದು ನನಗೆ ಅನ್ನಿಸುತ್ತದೆ.

ಕಾದಂಬರಿ ತೊಡಗುವುದೇ ದಾರಿ ತಪ್ಪುವುದರಿಂದ. ಸುಬ್ರಹ್ಮಣ್ಯದ ಸುತ್ತಲಿನ ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ನಿರೂಪಕನಿಗೆ ಹಾದಿ ತಪ್ಪುತ್ತದೆ. ಬೇರೆ ಲೇಖಕರಾಗಿದ್ದರೆ ಇದನ್ನೊಂದು ಸಾಹಸದ ಕಥೆ ಮಾಡುತ್ತಿದ್ದರೇನೋ. ಕಾರಂತರು ಹಾಗೆ ಮಾಡುವುದಿಲ್ಲ. ದೇರಣ್ಣ, ಬಟ್ಯ ಎಂಬ ಇಬ್ಬರು ಸಿಗುತ್ತಾರೆ. ನಿರೂಪಕ ಅವರ ಹಿಂದೆ ನಡೆದು ಕೆಳಬೈಲಿನ ಗೋಪಾಲಯ್ಯನವರ ಮನೆ ಸೇರುತ್ತಾನೆ. ಬೆಳಗಾದ ಕೂಡಲೇ ಹೊರಟುಬಿಟ್ಟಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ. ತಾನು ಹೊರಟ ಊರನ್ನು ಬದಿಗಿಟ್ಟು, ಬಂದು ಸೇರಿದ ಊರನ್ನು ಕಣ್ಣುಬಿಟ್ಟು ನೋಡುತ್ತಾ ಉಳಿದದ್ದರಿಂದಲೇ ಅವನಿಗೂ ನಮಗೂ ಆ ಬೆಟ್ಟ, ಆ ತೋಟ, ಆ ಮುದಿಜೀವಗಳ ಪರಿಚಯವಾಗುತ್ತದೆ.

ಆದರೆ ಕಾದಂಬರಿಯಲ್ಲಿ ನಿಜವಾಗಿ ದಾರಿ ತಪ್ಪಿರುವುದು ಆ ಮನೆಯ ಬದುಕಿಗೆ. ಒಬ್ಬನೇ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯ ಮಾತ್ರ ಕಾಡಿನೊಡನೆ ಗುದ್ದಾಡಿ ತೋಟ ಮಾಡುವ ಕೆಲಸವನ್ನು ಬಿಟ್ಟಿಲ್ಲ. ಇಲ್ಲಿ ಅಡಿಕೆಯ ವಿಷಯ ಸ್ವಲ್ಪ ತಿಳಿದಿರಬೇಕು. ಇಂದು ನೆಟ್ಟ ಅಡಿಕೆ ಸಸಿ ಫಲ ಬಿಡಲು ಐದಾರು ವರ್ಷ ಬೇಕು. ಒಳ್ಳೆಯ ಇಳುವರಿಗೆ ಇನ್ನೂ ಕಾಯಬೇಕು. ಅದು ನೆಟ್ಟವನಿಗಿಂತ ಅವನ ಮಕ್ಕಳು ಹೆಚ್ಚು ಕಾಲ ಉಣ್ಣುವ ಬೆಳೆ. ಹಾಗಿರುವಾಗ ಮಗನೇ ಇಲ್ಲದ ಮನೆಯ ಮುದುಕನೊಬ್ಬ, ಆನೆ ಹುಲಿಗಳ ಕಾಟದ ನಡುವೆ, ತೋಟವನ್ನು ಯಾರಿಗಾಗಿ ಮಾಡುತ್ತಾನೆ? ಈ ಪ್ರಶ್ನೆಯನ್ನು ಬಿಟ್ಟು ಗೋಪಾಲಯ್ಯನವರನ್ನು ಬರಿಯ ಪ್ರಕೃತಿಪ್ರೇಮಿ ಎಂದು ಮೆಚ್ಚಿದರೆ ಕಾದಂಬರಿ ತೆಳುವಾಗುತ್ತದೆ.

ಅವರನ್ನು ಸ್ಥಿತಪ್ರಜ್ಞ ಎಂದು ಕರೆಯುವ ಓದನ್ನೂ ನಾನು ಒಪ್ಪಲಾರೆ. ಸ್ಥಿತಪ್ರಜ್ಞನಿಗೆ ಅಷ್ಟು ಮಾತು, ಅಷ್ಟು ನಗೆ, ಹೆಂಡತಿಯೊಡನೆ ಅಷ್ಟೊಂದು ಸರಸ ಬೇಕಾಗುವುದಿಲ್ಲ. ಅವರ ನಗೆಯ ಕೆಳಗೆ ನೋವು ಹರಿಯುತ್ತಲೇ ಇರುತ್ತದೆ. ಕಾಟುಮೂಲೆಯ ತೋಟ ನೋಡಿಕೊಳ್ಳುವ ನಾರಾಯಣನೂ ಬಿಟ್ಟುಹೋದಾನೇ ಎಂಬ ಅಳುಕೂ ಅಲ್ಲಿದೆ. ಮನಸ್ಸು ಕಲಕಿದ್ದರೂ ಕೈ ಕೆಲಸ ಬಿಡುವುದಿಲ್ಲ. ಕಾರಂತರ ತಾಳ್ಮೆಯೆಂದರೆ ಇದೇ.

ಈ ಕಾದಂಬರಿಗೆ ಎರಡು ವರ್ಷ ಮೊದಲು, 1941ರಲ್ಲಿ ಬಂದ ‘ಮರಳಿ ಮಣ್ಣಿಗೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಪೇಟೆಗಳನ್ನು ಸುತ್ತಿ ಬಳಲಿದ ರಾಮ ಕೊನೆಗೆ ತನ್ನ ಊರಿನ ಮಣ್ಣಿಗೆ ಮರಳುತ್ತಾನೆ. ಇಲ್ಲಿ ಮಗನನ್ನು ಹೊಸ್ತಿಲಿಗೆ ತಂದು ನಿಲ್ಲಿಸಿ ಓದುಗರ ಕಣ್ಣೊರೆಸುವ ಮುಕ್ತಾಯವಿಲ್ಲ. ಹೋದವರು ಬಂದೇ ಬರುತ್ತಾರೆ ಎಂಬ ಭರವಸೆಯ ಮೇಲೆ ತಾಳ್ಮೆಯನ್ನು ಕಟ್ಟಿದರೆ, ಬಾರದ ದಿನ ಅದು ಕುಸಿಯುತ್ತದೆ. ‘ಬೆಟ್ಟದ ಜೀವ’ದ ತಾಳ್ಮೆಗೆ ಆ ಊರುಗೋಲೂ ಇಲ್ಲ. ಆದ್ದರಿಂದಲೇ ನನಗೆ ಇದು ಹೆಚ್ಚು ಗಟ್ಟಿಯಾದ ಕೃತಿಯಾಗಿ ಕಾಣುತ್ತದೆ.

ವಿದ್ಯಾರ್ಥಿಗಳೊಂದಿಗೆ ಇದನ್ನು ಓದುತ್ತಿದ್ದಾಗ ಒಬ್ಬಳು ಕೇಳಿದಳು: “ಸರ್, ತೋಟ ಇದ್ದವರಿಗೆ ಸರಿ. ಏನೂ ಇಲ್ಲದವರು ಯಾವುದನ್ನು ಹಿಡಿದುಕೊಂಡು ತಾಳ್ಮೆಯಿಂದ ಇರಬೇಕು?” ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾಡಿನ ದಾರಿ ಚೆನ್ನಾಗಿ ಗೊತ್ತಿದ್ದವರು ದೇರಣ್ಣ, ಬಟ್ಯರು. ಆದರೂ ದಾರಿ ತೋರಿಸಿದ ಮೇಲೆ ಕಾದಂಬರಿ ಅವರ ಒಳಗನ್ನು ಹೆಚ್ಚು ಕೆದಕುವುದಿಲ್ಲ. ಶಂಕರಮ್ಮನವರ ವಿಷಯದಲ್ಲೂ ಇಂಥದೇ ಅಸಮಾನತೆಯಿದೆ. ಗೋಪಾಲಯ್ಯನವರ ದುಃಖಕ್ಕೆ ಇಡೀ ಬೆಟ್ಟವೇ ಬಯಲಾಗಿ ಸಿಕ್ಕಿದೆ. ಶಂಕರಮ್ಮನವರ ದುಃಖಕ್ಕೆ ಸಿಕ್ಕಿರುವುದು ಅಡುಗೆಮನೆ. ಅವರು ಅತಿಥಿಗೆ ಅಕ್ಕರೆಯಿಂದ ಬಡಿಸುವುದು ಬರಿಯ ಮಲೆನಾಡಿನ ಉಪಚಾರವಲ್ಲ, ಮಗನ ಎಲೆಗೆ ಬೀಳಬೇಕಾದ ಅನ್ನ ಅದು. ಗಂಡಸಿನ ತಾಳ್ಮೆ ಸಾಹಸವಾಗಿಯೂ ಹೆಂಗಸಿನ ತಾಳ್ಮೆ ಸಹಜಗುಣವಾಗಿಯೂ ಕಾಣುವಂತೆ ಮಾಡುವುದು ಈ ಕೃತಿಯ ಮಿತಿ. ಅಂದಿನ ಲೋಕವೇ ಹಾಗಿತ್ತು ಎಂದು ಸಮಜಾಯಿಷಿ ಕೊಟ್ಟರೆ ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಅಷ್ಟಾದರೂ ಆ ಪ್ರಶ್ನೆ ಕೇಳಿದವಳ ಕೈಗೆ ಈ ಕಾದಂಬರಿಯನ್ನು ಕೊಡಬಹುದು ಎಂದೇ ನನ್ನ ನಂಬಿಕೆ. ಕಾರಂತರು ದಡದಲ್ಲಿ ನಿಂತು ಈಜು ಹೇಳಿಕೊಟ್ಟವರಲ್ಲ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಪತ್ರಿಕೆ, ನಾಟಕ, ಮಕ್ಕಳ ಶಿಕ್ಷಣ, ಯಕ್ಷಗಾನ ಎಂದು ಒಂದರಿಂದ ಒಂದಕ್ಕೆ ನಡೆದವರು. ತಮ್ಮ ಆತ್ಮಕಥನಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟವರಿಗೆ ನೇರವಾದ ದಾರಿಯ ಮೇಲೆ ಅಷ್ಟೇನೂ ಮೋಹವಿರಲಾರದು.

‘ಶಾಂತವಾಗಿರು, ಎಲ್ಲ ಸರಿಹೋಗುತ್ತದೆ’ ಎಂದು ಈ ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಸರಿಹೋಗದೆಯೂ ಇರಬಹುದು. ಅಂಥ ಹೊತ್ತಿನಲ್ಲೂ ಸಂಜೆ ದಾರಿ ತಪ್ಪಿ ಬಂದ ಒಬ್ಬನಿಗೆ ಕಾಲು ತೊಳೆಯಲು ನೀರು ಕೊಡಬಹುದು, ಊಟಕ್ಕೆ ಎಲೆ ಹಾಕಬಹುದು, ಬೆಳಗ್ಗೆ ಎದ್ದು ತೋಟಕ್ಕೆ ಹೋಗಬಹುದು. ಗಾದೆ ಹೇಳದೆ ಬಿಟ್ಟ ಮಾತು ನನಗೆ ಸಿಕ್ಕಿದ್ದು ಇಲ್ಲಿ.