ಬೀರಿಗೆ ಬೀದಿ, ಸೇಂದಿಗೆ ಸಂದಿ

ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೆನು ಕಾರ್ಡನ್ನು ಒಂದು ಸಾಹಿತ್ಯ ಪ್ರಕಾರ ಅಂತಲೇ ಓದಬೇಕು. ಅದರಲ್ಲಿ ಪದೇ ಪದೇ ಬರುವ ಕಥೆ ಇಂಡಿಯಾ ಪೇಲ್ ಏಲ್‌ನದು. ಇಂಗ್ಲೆಂಡಿನಿಂದ ಹಡಗಲ್ಲಿ ಬರೋ ಬೀರು ದಾರಿಯಲ್ಲೇ ಕೆಡ್ತಿತ್ತಂತೆ. ಹಾಡ್ಜ್‌ಸನ್ ಎಂಬಾತ ಹಾಪ್ಸ್ ಜಾಸ್ತಿ ಹಾಕಿ ಹೊಸ ಬೀರು ಕಂಡುಹಿಡಿದನಂತೆ. ಇಲ್ಲಿನ ಬಿಸಿಲಿಗೆ ಬೆಂದ ಸೈನಿಕರು ಅದನ್ನು ಕುಡಿದು ತಣ್ಣಗಾದರಂತೆ.

ಈ 'ಅಂತೆ'ಗಳ ಗಾಳಿಯನ್ನು ಮಾರ್ಟಿನ್ ಕಾರ್ನೆಲ್ ಎಂಬ ಬೀರ್ ಇತಿಹಾಸಕಾರ ಹಳೆಯ ದಾಖಲೆ ಜಾಲಾಡಿ ಯಾವಾಗಲೋ ತೆಗೆದಿದ್ದಾರೆ. ಕಪ್ಪು ಬಣ್ಣದ ಪೋರ್ಟರ್ ಬೀರು ಕೂಡ ಕೆಡದೇ ಇಂಡಿಯಾ ತಲುಪ್ತಿತ್ತು. ಸಾಮಾನ್ಯ ಸೈನಿಕರು ಹೆಚ್ಚಾಗಿ ಕುಡೀತಿದ್ದದ್ದು ಅದನ್ನೇ. ಪೇಲ್ ಏಲ್ ಸಾಹೇಬರ ಪಾಲು. ಹಾಡ್ಜ್‌ಸನ್ನನ ಬ್ರೂವರಿ ಲಂಡನ್ನಿನ ಬೋ ಎಂಬಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆ ಹತ್ತಿರ ಇತ್ತು. ಕಪ್ತಾನರಿಗೆ ಅವನು ಧಾರಾಳವಾಗಿ ಉದ್ರಿ ಕೊಡ್ತಿದ್ದ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಪೈಪೋಟಿಗೆ ಇಳಿದ. ಜಿಪ್ಸಂ ತುಂಬಿದ ಅಲ್ಲಿನ ನೀರು ಪೇಲ್ ಏಲ್‌ಗೆ ಹೇಳಿಮಾಡಿಸಿದಂತಿತ್ತು. ಅಂದ್ರೆ ಇದು ಆವಿಷ್ಕಾರಕ್ಕಿಂತ ಹೆಚ್ಚಾಗಿ ಉದ್ರಿ ಮತ್ತು ಸಾಗಾಣಿಕೆಯ ಕಥೆ.

ನನ್ನ ತಕರಾರು ಇಷ್ಟಕ್ಕೇ ಮುಗಿಯಲ್ಲ. ಆ ಕಥೆಯಲ್ಲಿ 'ಇಂಡಿಯಾ' ಬರೀ ಡೆಲಿವರಿ ಅಡ್ರೆಸ್ಸು. ನಾನು ಸಿಂಧನೂರು ಕಡೆಯ ಹಳ್ಳಿಯವನು. ನಮ್ಮ ರಾಯಚೂರು ದೋ-ಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಲಿಂಗಸುಗೂರಿನಲ್ಲಿ ದಂಡು ಇತ್ತು. ದಂಡಿನ ಆಚೆ ನಮ್ಮವರು ಏನು ಕುಡೀತಿದ್ರು? ಸೇಂದಿ. ಹಳ್ಳದ ದಂಡೆಯ ಈಚಲು ಮರಕ್ಕೆ ಈಳಿಗೇರರು ಸಂಜೆ ಗಡಿಗೆ ಕಟ್ಟಿದರೆ ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ಹುಳಿ. ಹಾಪ್ಸ್ ಇಲ್ಲ, ಪೀಪಾಯಿ ಇಲ್ಲ, ಲೇಬಲ್ ಇಲ್ಲ. ಹಾಗಾಗಿ ಅದರ ಇತಿಹಾಸ ಸಿಗೋದು ಆಬಕಾರಿ ಫೈಲಿನಲ್ಲಿ ಮಾತ್ರ.

1915ರಲ್ಲಿ ಎರಡು ಘಟನೆ ನಡೆದವು. ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಅಶೋಕನ ಹೆಸರಿರೋ ಶಾಸನ ಸಿಕ್ಕಿತು. ಅದೇ ವರ್ಷ ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ವ್ಯಾಪಾರಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಬರಹ ಇದ್ದದ್ದು ಕಲ್ಲಾಗಲಿ, ಬಾಟ್ಲಿಯಾಗಲಿ, ಚರಿತ್ರೆಗೆ ಸೇರ್ತದೆ. ಗಡಿಗೆ ಸೇರಲ್ಲ.

ಇದರ ಬೇರು 1751ರ ಲಂಡನ್ನಿನಲ್ಲಿದೆ. ವಿಲಿಯಂ ಹೋಗಾರ್ತ್ ಎರಡು ಚಿತ್ರ ಮಾಡಿದ: 'ಬೀರ್ ಸ್ಟ್ರೀಟ್'ನಲ್ಲಿ ಕುಡಿದವರೆಲ್ಲ ದಷ್ಟಪುಷ್ಟ, 'ಜಿನ್ ಲೇನ್'ನಲ್ಲಿ ಕುಡಿದ ತಾಯಿ ಕೈಯಿಂದ ಕೂಸು ಜಾರಿ ಬೀಳ್ತಿದೆ. ಒಬ್ಬರ ಕುಡಿತ ಸಂಸ್ಕೃತಿ, ಇನ್ನೊಬ್ಬರದು ಸಮಸ್ಯೆ. ಇಂದಿರಾನಗರ ನಮ್ಮ ಬೀರ್ ಬೀದಿ, ರಾಯಚೂರು ಜಿಲ್ಲೆ ಜಿನ್ ಸಂದಿ. ನಮ್ಮ ಕಡೆ ಸೇಂದಿ ಇಳಿಸೋದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ಬಂದ್. ಉಳಿದದ್ದು ಸರ್ಕಾರಕ್ಕೆ ಆದಾಯ ತರೋ ಅಗ್ಗದ ವಿಸ್ಕಿ ಪ್ಯಾಕೆಟ್ಟು, ಮತ್ತೆ ಮರವನ್ನೇ ಕಾಣದ, ಸಿಎಚ್ ಪೌಡರ್ ಕಲಸಿದ ಕಳ್ಳ ಸೇಂದಿ. ಆ ಪೌಡರ್ ಅಂದ್ರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ರಾಸಾಯನಿಕ.

ಹಾಗಂತ ಸೇಂದಿಗೆ ಆರತಿ ಎತ್ತೋದು ಬೇಡ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ್ರು. ಅವರಲ್ಲಿ ನಮ್ಮ ಜಿಲ್ಲೆಯ ಕೂಲಿ ಹೆಂಗಸರೂ ಇದ್ರು. ಕುಡಿತದ ಯಾವ ಇತಿಹಾಸವೂ ಅವರನ್ನು ಬಿಟ್ಟು ಪೂರ್ತಿಯಾಗಲ್ಲ.

ಇಂಗ್ಲಿಷರಿಂದ ಕಲಿಯೋದು ಒಂದಿದೆ. ದೊಡ್ಡ ಕಂಪನಿಗಳ ಗ್ಯಾಸ್ ತುಂಬಿದ ಬೀರಿಗೆ ಬೇಸತ್ತು ನಾಲ್ಕು ಜನ ಗೆಳೆಯರು 1971ರಲ್ಲಿ 'ಕ್ಯಾಮ್ರಾ' ಎಂಬ ಚಳವಳಿ ಶುರು ಮಾಡಿದ್ರು. ಪೀಪಾಯಿಯಲ್ಲೇ ಹುದುಗೋ ಏಲ್ ಎಲ್ಲೆಲ್ಲಿ ಸಿಗ್ತದೆ ಅಂತ ಊರೂರು ತಿರುಗಿ ಬರೆದಿಟ್ಟರು. ಕುಡಿಯೋರೇ ಬರೆದದ್ದರಿಂದ ಅದು ಉಳೀತು. ಮಸ್ಕಿ, ಲಿಂಗಸುಗೂರು ಕಡೆ ಈಚಲು ಮರ ಹತ್ತಿದ ಮುದುಕರು ಇನ್ನೂ ಇದ್ದಾರೆ, ಬೆಂಗಳೂರಿಗೆ ನಡೆದು ಬಂದ ಹೆಂಗಸರೂ ಇದ್ದಾರೆ. ಹಾಡ್ಜ್‌ಸನ್ನನ ಕಥೆಯನ್ನು ಇನ್ನೊಮ್ಮೆ ಮುದ್ರಿಸುವ ಮುನ್ನ ಯಾರಾದ್ರೂ ಇವರಿಬ್ಬರ ಮಾತನ್ನೂ ರೆಕಾರ್ಡ್ ಮಾಡ್ಕೊಂಡು ಬರಲಿ.